ಇಪ್ಪತ್ತು ಎಣಿಸುವಷ್ಟು ಹೊತ್ತು

ಹೋದ ತಿಂಗಳು ಕನ್ನಡ ವಿಡಿಯೋ ಎಡಿಟರುಗಳ ಒಂದು ಆನ್‌ಲೈನ್ ಗುಂಪಿನಿಂದ ನನಗೆ ಸಂದೇಶ ಬಂತು. ‘ವಿಮಲಾ ಮೇಡಂ, ಇಷ್ಟು ವರ್ಷ ಎಡಿಟಿಂಗ್ ಮಾಡಿ ನಿವೃತ್ತರಾಗಿದ್ದೀರಿ. ಹೊಸದಾಗಿ ಬರುವವರಿಗೆ ಆನ್‌ಲೈನ್‌ನಲ್ಲಿ ಏನೇನು ಸಿಗುತ್ತದೆ, ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ಒಂದು ಪಟ್ಟಿ ಮಾಡಿಕೊಡಿ’ ಎಂದು. ಕೊನೆಯಲ್ಲಿ ಕೈಮುಗಿಯುವ ಎರಡು ಚಿತ್ರ.

ಪಟ್ಟಿ ಮಾಡುವುದು ಏನು ಮಹಾ. ಪುಕ್ಕಟೆ ಸಂಗೀತ ಸಿಗುವ ತಾಣ, ಬಾಡಿಗೆಗೆ ದೃಶ್ಯ ಸಿಗುವ ತಾಣ, ಬಣ್ಣ ತಿದ್ದಲು ಯಾರೋ ಮಾಡಿಟ್ಟ ಸಿದ್ಧ ಸೆಟ್ಟಿಂಗ್‌ಗಳು, ಸಾಫ್ಟ್‌ವೇರ್ ಕೈಕೊಟ್ಟಾಗ ಹೋಗಿ ಅಳುವುದಕ್ಕೆ ಒಂದು ಚರ್ಚಾವೇದಿಕೆ. ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದು ಒಂದೇ. ಆ ತಾಣಗಳಲ್ಲಿ ನೀವೆಲ್ಲ ಓದುವ, ಒಬ್ಬರಿಗೊಬ್ಬರು ಕಳಿಸುವ ಒಂದು ಉತ್ತರ ನಾನು ಬರೆದದ್ದು. ಅದೇ ಉತ್ತರದ ಪ್ರಕಾರ ನಾನು ಮಾಡಿದ ಒಂದು ವಿಡಿಯೋದಿಂದ ಪೀಣ್ಯದಲ್ಲಿ ಒಬ್ಬ ಮನುಷ್ಯನ ಎರಡು ಬೆರಳು ಹೋಗಿವೆ. ಪಟ್ಟಿಯ ಬದಲು ಅದನ್ನು ಬರೆಯುತ್ತಿದ್ದೇನೆ. ಹಾಕಿದರೆ ಹಾಕಿ, ಬಿಟ್ಟರೆ ಬಿಡಿ.

ನಾನು ಬೆಳೆದದ್ದು ಜಾಲಹಳ್ಳಿಯಲ್ಲಿ, ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಟರ್ನರ್, ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು. ಕಾರ್ಖಾನೆಯ ತರಬೇತಿ ವಿಭಾಗದಲ್ಲಿ ಒಂದು ವಿಡಿಯೋ ಕೋಣೆ ಇತ್ತು. ಟೈಪಿಂಗ್ ಕೆಲಸಕ್ಕೆಂದು ಸೇರಿದ ನನ್ನನ್ನು ಯಾರೂ ಇಲ್ಲವೆಂದು ಆ ಕೋಣೆಗೆ ತಳ್ಳಿದರು. ಅಲ್ಲಿದ್ದವರು ರಂಗಸ್ವಾಮಿ ಎಂಬ ಹಿರಿಯರು. ದಪ್ಪ ಕನ್ನಡಕ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು. ನನಗೆ ಕೆಲಸ ಕಲಿಸಿದ್ದು ಅವರೊಬ್ಬರೇ. ಉಳಿದವರೆಲ್ಲ ಕೆಲಸ ಹೇಳಿದರು ಅಷ್ಟೆ.

ಆಗ ಎಡಿಟಿಂಗ್ ಎಂದರೆ ಟೇಪಿನಿಂದ ಟೇಪಿಗೆ. ಒಂದು ಯಂತ್ರದಲ್ಲಿ ಚಿತ್ರೀಕರಿಸಿದ ಟೇಪು ಓಡುತ್ತದೆ, ಇನ್ನೊಂದರಲ್ಲಿ ಬೇಕಾದ ತುಣುಕುಗಳು ಒಂದರ ಹಿಂದೆ ಒಂದು ಸೇರುತ್ತವೆ. ಮಧ್ಯದಲ್ಲಿ ಒಂದು ತುಣುಕನ್ನು ಚಿಕ್ಕದು ಮಾಡಬೇಕೆಂದರೆ ಅದರ ಮುಂದಿನದೆಲ್ಲ ಮತ್ತೆ ಮೊದಲಿನಿಂದ. ಹಾಗಾಗಿ ಕತ್ತರಿಸುವ ಮೊದಲು ಯೋಚಿಸುತ್ತಿದ್ದೆವು. ನಾವೇನೂ ಜಾಣರಾಗಿರಲಿಲ್ಲ, ಯಂತ್ರ ಬೇರೆ ದಾರಿ ಕೊಡುತ್ತಿರಲಿಲ್ಲ.

ರಂಗಸ್ವಾಮಿಯವರದ್ದು ಒಂದು ಪದ್ಧತಿ. ಚಿತ್ರೀಕರಣಕ್ಕೆ ಹೋದಲ್ಲೆಲ್ಲ ಒಂದು ನೋಟ್‌ಬುಕ್ಕು. ಪ್ರತಿ ದೃಶ್ಯಕ್ಕೂ ಮೂರು ಕಾಲಂ. ಏನು ನಡೆಯುತ್ತದೆ, ಎಷ್ಟು ಹೊತ್ತು ನಡೆಯುತ್ತದೆ, ಯಾಕೆ ಅಷ್ಟು ಹೊತ್ತು. ಮೂರನೆಯ ಕಾಲಮ್ಮನ್ನು ಯಾರೂ ಖಾಲಿ ಬಿಡುವ ಹಾಗಿರಲಿಲ್ಲ.

ಒಮ್ಮೆ ಲೇತ್ ಯಂತ್ರದ ಒಂದು ಪಾಠದ ಚಿತ್ರದಲ್ಲಿ, ಕೆಲಸಗಾರ ಅಳತೆ ತೆಗೆಯುವ ಮೊದಲು ಬಟ್ಟೆಯಿಂದ ಕೈ ಒರೆಸಿಕೊಳ್ಳುವುದನ್ನು ನಾನು ತೆಗೆದುಹಾಕಿದೆ. ಏನೂ ನಡೆಯದ ದೃಶ್ಯ, ಸುಮ್ಮನೆ ಉದ್ದ ಎನಿಸಿತ್ತು. ರಂಗಸ್ವಾಮಿಯವರು ಪೂರ್ತಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಕೈ ಒರೆಸ್ಕೊಳ್ಳೋದು ಎಲ್ಲಮ್ಮ?’

‘ಅಳತೆ ತಾನೇ ಸಾರ್ ಪಾಠ? ಅದು ಇದೆಯಲ್ಲ.’

‘ಕೈ ಒರೆಸ್ಕೊಳ್ಳೋದೇ ಪಾಠ ಕಣಮ್ಮ. ಎಣ್ಣೆ ಕೈಯಲ್ಲಿ ಹಿಡಿದ್ರೆ ಅಳತೆ ಎಲ್ಲಿ ಸರಿ ಬರುತ್ತೆ? ಕತ್ತರಿಸೋದು ಯಾರ್ ಬೇಕಾದ್ರೂ ಕತ್ತರಿಸ್ತಾರೆ. ಇಟ್ಕೊಂಡಿದ್ದು ಯಾಕೆ ಅಂತ ಹೇಳಕ್ಕೆ ಬರಬೇಕು.’

ಮೂರು ದಿನದ ಕೆಲಸ ಮತ್ತೆ ಮಾಡಿಸಿದರು. ಮನೆಗೆ ಹೋಗಿ ಅಪ್ಪನ ಮುಂದೆ ಅವರನ್ನು ಬಾಯಿಗೆ ಬಂದಂತೆ ಬೈದೆ. ಅಪ್ಪ ತಮ್ಮ ಅಂಗೈ ನೋಡಿಕೊಂಡು, ‘ಅವರು ಹೇಳಿದ್ದು ಸರಿಯಾಗೇ ಇದೆಯಲ್ಲೇ’ ಎಂದರು. ಆ ಮಾತಿಗೂ ಸಿಟ್ಟು ಬಂತು.

ಮುಂದೆ ಆ ಕೋಣೆ ಮುಚ್ಚಿತು. ನಾನು ವೈಟ್‌ಫೀಲ್ಡ್ ಕಡೆಯ ಒಂದು ಖಾಸಗಿ ಕಂಪನಿ ಸೇರಿದೆ. ಕಾರ್ಖಾನೆಗಳಿಗೆ, ಐಟಿ ಕಂಪನಿಗಳಿಗೆ ಪ್ರಚಾರದ ಮತ್ತು ತರಬೇತಿಯ ವಿಡಿಯೋ ಮಾಡಿಕೊಡುವ ಕಂಪನಿ. ಜಾಲಹಳ್ಳಿಯಿಂದ ಅಲ್ಲಿಗೆ ಎರಡು ಬಸ್ಸು, ಕೊನೆಯ ವರ್ಷಗಳಲ್ಲಿ ಮೆಟ್ರೋ. ಬಡ್ತಿಗಳ ಕಥೆ ಬೇಡ, ಕುರ್ಚಿಗೆ ಚಕ್ರ ಬಂತು, ಬೆನ್ನಿಗೆ ನೋವು ಬಂತು ಎಂದರೆ ಮುಗಿಯಿತು.

ಟೇಪು ಹೋಗಿ ಕಂಪ್ಯೂಟರ್ ಬಂದ ಹೊಸತರಲ್ಲಿ ಒಂದು ದಿನ ನನ್ನ ಇಡೀ ಕೆಲಸ ತೆರೆಯಲೇ ಇಲ್ಲ. ಪರದೆ ತುಂಬ ಕೆಂಪು ಎಚ್ಚರಿಕೆ. ಅಕ್ಕಪಕ್ಕದವರು ಬಂದು ನೋಡಿ, ಸಾವಿನ ಮನೆಗೆ ಬಂದವರ ಹಾಗೆ ತಲೆಯಾಡಿಸಿ ಹೋದರು. ಎಡಿಟರುಗಳ ಒಂದು ಇಂಗ್ಲಿಷ್ ತಾಣದಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದೆ. ಒಂದು ಗಂಟೆಯಲ್ಲಿ ಯಾವ ದೇಶದವರೋ ಒಬ್ಬರು, ಇಂಥ ಫೋಲ್ಡರಿನ ಇಂಥ ಫೈಲು ಅಳಿಸಿ, ಮತ್ತೆ ತೆರೆಯಿರಿ ಎಂದು ಬರೆದರು. ತೆರೆಯಿತು. ನನಗೆ ಕಣ್ಣಲ್ಲಿ ನೀರು ಬಂತು. ಹೆಸರಿಲ್ಲ, ಮುಖವಿಲ್ಲ, ಏನೂ ಬಯಸದೆ ಹೇಳಿಕೊಟ್ಟ ಆ ಮನುಷ್ಯರ ಮೇಲೆ ಇವತ್ತಿಗೂ ಗೌರವವಿದೆ. ಅವರ ಹಾಗೆ ನಾನೂ ಆಗಬೇಕು ಅನಿಸಿದ್ದು ಆವತ್ತು. ಆ ಆಸೆಯೇ ಇಲ್ಲಿಗೆ ತಂದು ನಿಲ್ಲಿಸಿತು.

ಆನ್‌ಲೈನ್ ಎಂಬುದು ಬರುಬರುತ್ತ ನಮ್ಮ ಉಗ್ರಾಣವಾಯಿತು. ಸಂಗೀತ ಅಲ್ಲಿಂದ, ಹಕ್ಕಿ ಕೂಗುವ ಸದ್ದು ಅಲ್ಲಿಂದ, ಕೊನೆಗೆ ಮನುಷ್ಯರೂ ಅಲ್ಲಿಂದಲೇ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ‘ನಮ್ಮ ಜನ, ನಮ್ಮ ಶಕ್ತಿ’ ಎಂಬ ವಿಡಿಯೋ ಮಾಡಿಕೊಡಬೇಕಿತ್ತು. ಆ ಕಂಪನಿಯ ಜನರನ್ನು ಚಿತ್ರೀಕರಿಸಲು ಅನುಮತಿ ಸಿಗಲು ತಡವಾಯಿತು. ಬಾಡಿಗೆ ದೃಶ್ಯದ ತಾಣದಿಂದ ನಗುನಗುತ್ತ ಕಂಪ್ಯೂಟರ್ ನೋಡುವ ಒಬ್ಬ ಹೆಂಗಸನ್ನು ತಂದು ಹಾಕಿದೆವು. ಅದೇ ಹೆಂಗಸು ಆ ತಿಂಗಳು ಒಂದು ಹಲ್ಲಿನ ಆಸ್ಪತ್ರೆಯ ಜಾಹೀರಾತಿನಲ್ಲೂ ನಗುತ್ತಿದ್ದಳು, ಒಂದು ಅಪಾರ್ಟ್‌ಮೆಂಟಿನ ಜಾಹೀರಾತಿನಲ್ಲೂ ನಗುತ್ತಿದ್ದಳು. ಕ್ಯಾಂಟೀನಿನಲ್ಲಿ ವಿಡಿಯೋ ತೋರಿಸಿದಾಗ ಹೌಸ್‌ಕೀಪಿಂಗ್ ಹೆಂಗಸೊಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

‘ಈ ಮೇಡಂ ಯಾವ್ ಫ್ಲೋರಲ್ಲಿ ಕೂತ್ಕೋತಾರೆ? ಏಳ್ ವರ್ಷದಿಂದ ಎಲ್ಲಾ ಫ್ಲೋರೂ ನಾನೇ ಒರೆಸ್ತೀನಿ, ಒಂದಿನಾನೂ ನೋಡಿಲ್ವಲ್ಲ?’

ಆಫೀಸಿಗೆ ಬಂದು ಎಲ್ಲರಿಗೂ ಹೇಳಿ ನಕ್ಕೆ. ನಗುವ ವಿಷಯವಾಗಿರಲಿಲ್ಲ. ನಾವು ತೋರಿಸಿದ್ದನ್ನು ಅಲ್ಲಿ ಗಮನವಿಟ್ಟು ನೋಡಿದವರು ಅವರೊಬ್ಬರೇ.

ಇನ್ನು ಆ ಉತ್ತರದ ವಿಷಯ. ಎಡಿಟರುಗಳು ಪ್ರಶ್ನೆ ಕೇಳುವ ಒಂದು ದೊಡ್ಡ ತಾಣದಲ್ಲಿ ಕನ್ನಡಕ್ಕೂ ಒಂದು ವಿಭಾಗ ತೆರೆದಿದ್ದರು. ಊರೂರುಗಳಲ್ಲಿ ಮದುವೆ ವಿಡಿಯೋ ಮಾಡುವವರು, ಸ್ವಂತ ಚಾನೆಲ್ ನಡೆಸುವವರು ಅಲ್ಲಿಗೆ ಬರುತ್ತಿದ್ದರು. ಇಂಗ್ಲಿಷ್ ಬಾರದವರಿಗೆ ಕನ್ನಡದಲ್ಲಿ ಹೇಳುವವರು ನಾನೊಬ್ಬಳೇ ಎನ್ನುವ ಹಾಗಿತ್ತು, ನನಗೂ ತಲೆ ತಿರುಗಿತ್ತು. ತಿಪಟೂರಿನವರೊಬ್ಬರು ಕೇಳಿದ್ದರು, ‘ಸಂದರ್ಶನದಲ್ಲಿ ಜನ ಮಾತಿನ ಮಧ್ಯೆ ತುಂಬಾ ನಿಲ್ಲಿಸುತ್ತಾರೆ, ಒಂದೊಂದೇ ಕತ್ತರಿಸಿ ಸಾಕಾಗಿದೆ, ಸುಲಭದ ದಾರಿ ಇದೆಯಾ?’ ಎಂದು.

ಇದೆ ಎಂದು ಬರೆದೆ. ಮಾತು ಇಲ್ಲದ ಜಾಗಗಳನ್ನು ಸಾಫ್ಟ್‌ವೇರೇ ಹುಡುಕಿ, ಎಲ್ಲವನ್ನೂ ಒಂದೇ ಸಲಕ್ಕೆ ಕತ್ತರಿಸಿ, ಉಳಿದದ್ದನ್ನು ತಾನೇ ಜೋಡಿಸುವ ಹಾಗೆ ಮಾಡುವುದು ಹೇಗೆ ಎಂದು ಹಂತಹಂತವಾಗಿ, ಚಿತ್ರಸಮೇತ ವಿವರಿಸಿದೆ. ಮೊದಲ ಸಾಲು ನನಗೆ ಬಾಯಿಪಾಠ. ‘ಮಾತಿಲ್ಲದ ಜಾಗ ಸತ್ತ ಜಾಗ. ಮುಲಾಜಿಲ್ಲದೆ ತೆಗೆಯಿರಿ.’

ಧನ್ಯವಾದಗಳ ಸುರಿಮಳೆ. ಅದನ್ನು ವಿಭಾಗದ ಮೇಲ್ಗಡೆ ಅಂಟಿಸಿಟ್ಟರು. ಅದನ್ನೇ ಇಟ್ಟುಕೊಂಡು ಪಾಠದ ವಿಡಿಯೋ ಮಾಡಿದವರಿದ್ದಾರೆ, ನನ್ನ ಸಾಲನ್ನೇ ಹೆಸರು ತೆಗೆದು ತಮ್ಮದೆಂದು ಹಾಕಿಕೊಂಡವರಿದ್ದಾರೆ. ನನಗೆ ಕೋಪ ಬರಲಿಲ್ಲ, ಹೆಮ್ಮೆಯೇ ಆಯಿತು. ಕಚೇರಿಯಲ್ಲಿ ನನ್ನನ್ನು ಯಾರೂ ಗುರು ಎಂದಿರಲಿಲ್ಲ, ಅಲ್ಲಿ ಎಲ್ಲರೂ ಎಂದರು.

ನನ್ನ ಕೊನೆಯ ಮ್ಯಾನೇಜರ್ ಶ್ರೀನಾಥ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೆಟ್ಟವರಲ್ಲ, ಯಾವುದಕ್ಕೂ ಪುರಸೊತ್ತಿಲ್ಲ. ನಾನು ನಿವೃತ್ತಳಾಗುವ ಎರಡು ವರ್ಷ ಮೊದಲು ಪೀಣ್ಯದ ಒಂದು ಪ್ರೆಸ್ ಕಾರ್ಖಾನೆಯ ಸುರಕ್ಷತಾ ವಿಡಿಯೋ ಬಂತು. ತಗಡನ್ನು ಒತ್ತಿ ಬೇಕಾದ ಆಕಾರಕ್ಕೆ ತರುವ ದೊಡ್ಡ ಯಂತ್ರಗಳಿಗೆ ಪ್ರೆಸ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಕಡೆಯಿಂದ ಹೊಸಬರು ಬಂದು ಸೇರುತ್ತಿದ್ದಾರೆ, ಅವರಿಗೆ ಮೊದಲ ದಿನ ತೋರಿಸಿ, ಅವರ ಮೊಬೈಲಿಗೂ ಕಳಿಸುವಂಥ ಕನ್ನಡ ವಿಡಿಯೋ ಬೇಕು ಎಂದಿದ್ದರು.

‘ಮೂರ್ ನಿಮಿಷ ದಾಟ್ಬಾರ್ದು ಮೇಡಂ’ ಎಂದರು ಶ್ರೀನಾಥ್. ‘ಆನ್‌ಲೈನ್‌ನಲ್ಲಿ ಎಲ್ಲಾ ಎಕ್ಸ್‌ಪರ್ಟ್ಸ್ ಅದೇ ಹೇಳ್ತಾರೆ. ಉದ್ದ ಆದ್ರೆ ಜನ ಸ್ಕಿಪ್ ಮಾಡ್ಬಿಡ್ತಾರೆ.’

ಕೆಲಸಕ್ಕೆ ಸೇರಿದ ಮೊದಲ ದಿನ, ಸೂಪರ್‌ವೈಸರ್ ಎದುರಿಗೆ ಬೆಂಚಿನ ಮೇಲೆ ಕೂತು ನೋಡುವವನು ಎಲ್ಲಿ ಸ್ಕಿಪ್ ಮಾಡುತ್ತಾನೆ? ಆ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಚಿತ್ರೀಕರಣದ ದಿನ ಯಂತ್ರ ನಡೆಸಿ ತೋರಿಸಲು ಕೊಟ್ಟದ್ದು ಮುನಿರಾಜು ಅವರನ್ನು. ಪೀಣ್ಯದ ಪಕ್ಕದ ಹಳ್ಳಿಯವರು, ಅವರ ಹೊಲದ ಮೇಲೆಯೇ ಈಗ ಶೆಡ್ಡುಗಳಿವೆ. ಆ ಪ್ರೆಸ್ಸಿನ ಮೇಲೆ ಮೂವತ್ತು ವರ್ಷ ದುಡಿದು ಹತ್ತು ಬೆರಳೂ ಉಳಿಸಿಕೊಂಡವರು. ತಗಡಿನ ತುಂಡು ಅಚ್ಚಿನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕೆಂಬುದು ವಿಡಿಯೋದ ಮುಖ್ಯ ಭಾಗ. ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಬೇಕು. ಆದರೆ ಗುಂಡಿ ಒತ್ತಿದರೂ ಹಿಂದಿರುವ ಭಾರದ ಚಕ್ರ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಅದು ತಿರುಗುವಷ್ಟು ಹೊತ್ತು ಪ್ರೆಸ್ಸು ಇನ್ನೊಂದು ಸಲ ಕೆಳಗೆ ಬರಬಹುದು. ಆ ಚಕ್ರ ತಗಡಿನ ಮುಚ್ಚಳದೊಳಗೆ ಇರುವುದರಿಂದ ನಿಂತವನಿಗೆ ಕಾಣುವುದಿಲ್ಲ. ಹಾಗಾಗಿ ಹಳಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗಟ್ಟಿಯಾಗಿ ಇಪ್ಪತ್ತು ಎಣಿಸುತ್ತಿದ್ದರು. ಆಮೇಲೆ ಕೈ.

ಮುನಿರಾಜು ಹಾಗೇ ಮಾಡಿ ತೋರಿಸಿದರು. ‘ಒಂದೂ... ಎರಡೂ...’ ಎಂದು ಶೆಡ್ಡೆಲ್ಲ ಕೇಳುವ ಹಾಗೆ. ನಾನು ನಿಲ್ಲಿಸಿದೆ.

‘ಮುನಿರಾಜಣ್ಣ, ಸದ್ದು ಬೇಡ, ಮನಸ್ಸಲ್ಲೇ ಎಣಿಸಿ. ನಾವು ಆಮೇಲೆ ವಾಯ್ಸ್ ಹಾಕ್ಕೊತೀವಿ.’

‘ಮನ್ಸಲ್ಲಿ ಎಣಿಸಿದ್ರೆ ಬಿರ್‍ನೆ ಮುಗ್ದೋಯ್ತದೆ ಮೇಡಂ. ಅದ್ಕೇ ಬಾಯ್ಬಿಟ್ಟು ಎಣಿಸೋದು. ನಮ್ಗೆ ಕಲ್ಸಿದ್ದೇ ಇಂಗೆ.’

‘ಪರವಾಗಿಲ್ಲಣ್ಣ, ವಿಡಿಯೋಗೆ ಅಷ್ಟೆ.’

ಅವರು ಒಂದು ಸಲ ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡು ಎಣಿಸಿದರು. ನಾನು ಹಳೆಯ ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ‘ಕೆಂಪು ಗುಂಡಿ. ಕೈ ಬೆನ್ನ ಹಿಂದೆ. ಎಣಿಕೆ ಇಪ್ಪತ್ತು. ಯಾಕೆ: ಚಕ್ರ ನಿಲ್ಲಬೇಕು.’

ಎಡಿಟಿಂಗ್ ಮಾಡುವಾಗ ಕಾರ್ಖಾನೆಯ ಗದ್ದಲವನ್ನೆಲ್ಲ ತೆಗೆದು ಬರೀ ವಿವರಣೆಯ ದನಿ ಇಟ್ಟೆ. ‘ಕೆಂಪು ಗುಂಡಿ ಒತ್ತಿ.’ ಆಮೇಲೆ ಇಪ್ಪತ್ತು ಎಣಿಸುವಷ್ಟು ಹೊತ್ತು ಮೌನ, ಕಾಯುವುದು ದೃಶ್ಯದಲ್ಲೇ ಕಾಣುತ್ತದಲ್ಲ ಎಂದು ಎಣಿಕೆಗೆ ದನಿ ಹಾಕಲಿಲ್ಲ. ಆಮೇಲೆ ‘ಚಕ್ರ ನಿಂತ ನಂತರ ಮಾತ್ರ ಕೈ ಹಾಕಿ.’ ಒಟ್ಟು ವಿಡಿಯೋ ಐದು ನಿಮಿಷದ ಹತ್ತಿರ ಬಂತು. ಶ್ರೀನಾಥ್ ಬಂದು ನೋಡಿ ಗಡಿಯಾರ ತೋರಿಸಿದರು. ಕಾರ್ಖಾನೆಯವರಿಗೆ ಅಂದೇ ಕಳಿಸಬೇಕಿತ್ತು.

ಆಗ ನಾನು ಮಾಡಿದ್ದು ಇಷ್ಟು. ನನ್ನದೇ ಉತ್ತರದಲ್ಲಿ ಬರೆದ ಹಾಗೆ, ಮಾತಿಲ್ಲದ ಜಾಗಗಳನ್ನೆಲ್ಲ ಸಾಫ್ಟ್‌ವೇರಿನಿಂದ ಒಂದೇ ಸಲಕ್ಕೆ ಕತ್ತರಿಸಿದೆ. ಐದು ನಿಮಿಷ ಮೂರಕ್ಕೆ ಇಳಿಯಿತು. ಕತ್ತರಿಸಿದ ಕಡೆ ದೃಶ್ಯ ಎಗರುವುದು ಕಾಣದಿರಲೆಂದು, ಒಂದು ತಾಣದಿಂದ ಪುಕ್ಕಟೆ ಇಳಿಸಿಕೊಂಡಿದ್ದ, ಒಂದು ಚಿತ್ರ ಇನ್ನೊಂದರಲ್ಲಿ ಕರಗುವ ಪರಿಣಾಮವನ್ನು ಎಲ್ಲ ಕಡೆಗೂ ಹಾಕಿದೆ. ಮುನಿರಾಜು ಅವರ ಕೈಗಳು ಬೆನ್ನಿನಿಂದ ಕರಗಿ ಅಚ್ಚಿನ ಹತ್ತಿರ ಬಂದವು. ಎಲ್ಲೆಲ್ಲಿ ಕತ್ತರಿ ಬಿತ್ತು ಎಂದು ಒಂದೊಂದಾಗಿ ನೋಡಲಿಲ್ಲ. ನೋಟ್‌ಬುಕ್ಕು ಕಾಲ ಬಳಿಯ ಚೀಲದಲ್ಲೇ ಇತ್ತು.

‘ಸೂಪರ್ ಮೇಡಂ, ಬೆಣ್ಣೆ ತರ ಇದೆ’ ಎಂದರು ಶ್ರೀನಾಥ್. ನನಗೂ ಖುಷಿಯಾಯಿತು. ಮೂಲ ದೃಶ್ಯಗಳನ್ನು ಆರು ತಿಂಗಳಿಗೆ ಅಳಿಸಿಬಿಡುವುದು ನಮ್ಮಲ್ಲಿ ಪದ್ಧತಿ, ಜಾಗ ಸಾಲುವುದಿಲ್ಲವಲ್ಲ. ಅಳಿಸಿದೆವು.

ನಿವೃತ್ತಿಯ ದಿನ ಶಾಲು ಹೊದಿಸಿದರು, ಕೇಕು ತಂದರು. ಕೇಕು ಕತ್ತರಿಸಿ ಕೈ ತೊಳೆಯಲು ಹೊರಟವಳನ್ನು ಶ್ರೀನಾಥ್ ನಿಲ್ಲಿಸಿ ಒಂದು ಕಾಗದ ಮುಂದಿಟ್ಟರು. ಪೀಣ್ಯದ ಆ ವಿಡಿಯೋದಲ್ಲಿ ಸರಿಯಾದ ವಿಧಾನವನ್ನು ಏನೂ ಬಿಡದೆ ಪೂರ್ತಿಯಾಗಿ ತೋರಿಸಲಾಗಿದೆ ಎಂಬ ದೃಢೀಕರಣ.

‘ಅಲ್ಲೇನೋ ಚಿಕ್ಕ ಇನ್ಸಿಡೆಂಟ್ ಆಗಿದೆಯಂತೆ ಮೇಡಂ. ಫಾರ್ಮಾಲಿಟಿ ಅಷ್ಟೆ. ಎಡಿಟ್ ಮಾಡಿದ್ದು ನೀವಲ್ವಾ?’

ಏನಾಯಿತು, ಯಾರಿಗಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂದು ಗೊತ್ತಿದ್ದವರು ಕೇಳದೆ ಇರುತ್ತಾರಲ್ಲ, ಹಾಗೆ. ಬೆರಳಿಗೆ ಕೇಕಿನ ಕ್ರೀಮು ಅಂಟಿತ್ತು, ಒರೆಸಿಕೊಂಡು ಸಹಿ ಹಾಕಿದೆ.

ಎರಡು ವಾರದ ಮೇಲೆ ಮನೆಯಲ್ಲಿ ಹಳೆಯ ನೋಟ್‌ಬುಕ್ಕುಗಳನ್ನು ಅಟ್ಟಕ್ಕೆ ಹಾಕಲು ಜೋಡಿಸುತ್ತಿದ್ದೆ. ಪೀಣ್ಯದ ಪುಟ ಕಣ್ಣಿಗೆ ಬಿತ್ತು. ಎಣಿಕೆ ಇಪ್ಪತ್ತು. ಮೊಬೈಲಿನಲ್ಲಿದ್ದ ವಿಡಿಯೋ ತೆಗೆದು ಬಾಯಿಬಿಟ್ಟು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಕೈ ಒಳಗಿತ್ತು. ಮತ್ತೆ ಎಣಿಸಿದೆ. ಮತ್ತೆ ನಾಲ್ಕು.

ಶ್ರೀನಾಥ್‌ಗೆ ಫೋನ್ ಮಾಡಿದೆ. ಆಗ ಹೇಳಿದರು, ಒಬ್ಬನ ಬಲಗೈಯ ಎರಡು ಬೆರಳು ಹೋಗಿವೆ ಎಂದು.

‘ನಾವು ಇಪ್ಪತ್ತು ಎಣಿಕೆ ಕತ್ತರಿಸ್ಬಿಟ್ಟಿದೀವಿ ಶ್ರೀನಾಥ್.’

‘ಮೇಡಂ, ವಾಯ್ಸಲ್ಲಿ “ಚಕ್ರ ನಿಂತ ನಂತರ” ಅಂತ ಕ್ಲಿಯರಾಗಿ ಹೇಳಿದೀವಿ. ನಾವು ಸೇಫ್. ನೀವು ರಿಟೈರ್ ಆಗಿದೀರ, ಆರಾಮಾಗಿರಿ.’

ನೋಟ್‌ಬುಕ್ಕಿನಲ್ಲಿ ಮುನಿರಾಜು ಅವರ ನಂಬರ್ ಇತ್ತು. ಅವರೂ ಅಷ್ಟರಲ್ಲಿ ನಿವೃತ್ತರಾಗಿದ್ದರು. ಪೀಣ್ಯದ ಮೆಟ್ರೋ ನಿಲ್ದಾಣದ ಕೆಳಗೆ ಬಂದು ನಿಂತು, ನನ್ನನ್ನು ಆ ಮನುಷ್ಯನ ರೂಮಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಕೇಳಿದೆ.

‘ಹೊಸಬರಿಗೆ ನೀವು ಎಣಿಸೋದು ಹೇಳ್ಕೊಡ್ತಿರ್ಲಿಲ್ವಾ ಅಣ್ಣ?’

‘ಮೊದ್ಲೆಲ್ಲ ಒಂದ್ ವಾರ ಪಕ್ಕದಲ್ಲೇ ನಿಲ್ಲಿಸ್ಕಂಡು ಏಳ್ಕೊಡ್ತಿದ್ದೆ ಮೇಡಂ. ನಿಮ್ ವಿಡಿಯೋ ಬಂದ್ಮೇಲೆ ಅದ್ನ ನಿಲ್ಲಿಸ್ಬುಟ್ರು. ವಿಡಿಯೋ ಐತಲ್ಲ, ನೀನ್ ನಿನ್ ಕೆಲ್ಸ ನೋಡ್ಕೋ ಅಂದ್ರು.’

ಅವರ ಹಿಂದೆ ನಡೆದೆ.

ಅವನ ಹೆಸರು ಹನುಮಂತ. ಯಾದಗಿರಿ ಕಡೆಯವನು, ಮೂವತ್ತೈದರ ಆಸುಪಾಸು. ಬಾಗಿಲಲ್ಲೇ ಕೂತಿದ್ದ. ಬಲಗೈ ತೋರುಬೆರಳು, ನಡುಬೆರಳು ಇಲ್ಲ. ನಾನು ಯಾರೆಂದು ಮುನಿರಾಜು ಹೇಳಿದರು. ಬೈಯಲಿ ಎಂದು ಕಾದೆ. ಅವನು ಎದ್ದು ಎಡಗೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ.

‘ನೀವೇನ್ರಿ ಅಕ್ಕಾರ ಆ ವಿಡಿಯೋ ಮಾಡಿದೋರು? ಭಾಳ ಚಲೋ ಐತ್ರಿ. ದಿನಾ ಡ್ಯೂಟಿಗೆ ಹೋಗೂಕಿಂತ ಮೊದ್ಲ ಮೊಬೈಲ್‌ನ್ಯಾಗ ಒಮ್ಮೆ ನೋಡ್ತಿದ್ದೆ. ಹೊಸಾ ಕೆಲಸ ನೋಡ್ರಿ, ಅಂಜಿಕಿ ಇತ್ತು.’

‘ಆವತ್ತು... ಎಷ್ಟು ಎಣಿಸಿದ್ರಿ?’

‘ವಿಡಿಯೋದಾಗ ನಾಕು ಎಣಿಸೂದ್ರಾಗ ಅವರು ಕೈ ಹಾಕ್ತಾರ್ರಿ. ನಾ ಎಂಟು ಎಣಿಸ್ತಿದ್ದೆ. ಆವತ್ತೂ ಎಂಟು ಎಣಿಸೀನ್ರಿ.’

ಮುನಿರಾಜು ಮುಖ ತಿರುಗಿಸಿಕೊಂಡರು. ನನ್ನ ವೃತ್ತಿಯುದ್ದಕ್ಕೂ ನಾನು ಮಾಡಿದ್ದನ್ನು ಇಷ್ಟು ಶ್ರದ್ಧೆಯಿಂದ ಯಾರೂ ನೋಡಿಲ್ಲ. ಒಂದೊಂದು ಕ್ಷಣವನ್ನೂ ಎಣಿಸಿಟ್ಟುಕೊಂಡು, ಭಯಕ್ಕೆ ಅದರ ಎರಡರಷ್ಟು ಕಾದವನು. ಅವನೆದುರು ಕೂತು ನಾನು ಅತ್ತೆ. ಕತ್ತರಿಸಿದ್ದು ನಾನು, ಅಲ್ಲಿ ಇಪ್ಪತ್ತು ಇತ್ತು ಎಂದು ಹೇಳಿದೆ.

‘ಹಂಗಾದ್ರ ನನ್ನ ತಪ್ಪಿಲ್ಲಲ್ರಿ?’ ಎಂದ. ‘ರಿಪೋರ್ಟಿನ್ಯಾಗ ನನ್ನ ನಿರ್ಲಕ್ಷ್ಯ ಅಂತ ಬರೀತಾರಂತ್ರಿ. ಬೆರಳಂತೂ ಹೋದ್ವು. ಆ ಒಂದು ಮಾತು ತಗಸ್ರಿ ಅಕ್ಕಾರ. ನಾ ನಿರ್ಲಕ್ಷ್ಯ ಮಾಡೂ ಮನಶ್ಯಾ ಅಲ್ರಿ.’

ತೆಗೆಸುತ್ತೇನೆ ಎಂದು ಮಾತು ಕೊಟ್ಟೆ.

ಕಾರ್ಖಾನೆಯ ವಿಚಾರಣೆಯ ಕೊನೆಯ ದಿನ ನಾನೇ ಹೋಗಿ ಕೂತೆ. ಉದ್ದ ಮೇಜು, ಬಿಸ್ಕೆಟ್ಟಿನ ತಟ್ಟೆ, ಒಬ್ಬ ವಿಚಾರಣಾ ಅಧಿಕಾರಿ. ಹನುಮಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ವಿಡಿಯೋ ಹಾಕಿಸಿ, ಎಲ್ಲರಿಗೂ ಕೇಳುವಂತೆ ನಾನೇ ಎಣಿಸಿದೆ. ನಾಲ್ಕಕ್ಕೆ ಕೈ ಒಳಗೆ. ಆಮೇಲೆ ನೋಟ್‌ಬುಕ್ಕು ತೆರೆದು ಓದಿದೆ. ಅಧಿಕಾರಿ ಸಾವಧಾನವಾಗಿಯೇ ಕೇಳಿಸಿಕೊಂಡರು.

‘ನೋಟ್‌ಬುಕ್ಕಲ್ಲಿ ಯಾವತ್ ಬೇಕಾದ್ರೂ ಬರ್ಕೋಬಹುದು ಮೇಡಂ. ಇಪ್ಪತ್ತು ಇತ್ತು ಅನ್ನೋದಕ್ಕೆ ವಿಡಿಯೋ ಇದೆಯಾ?’

‘ಒರಿಜಿನಲ್ ಅಳಿಸಿಬಿಟ್ಟಿದೀವಿ ಸಾರ್. ಬೇಕಿದ್ರೆ ಮುನಿರಾಜು ಅವ್ರನ್ನ ಕೇಳಿ.’

‘ಅವ್ರು ಈಗ ನಮ್ಮ ಎಂಪ್ಲಾಯಿ ಅಲ್ಲ.’ ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಕಡೆ ಸರಿಸಿದರು. ‘ಏನೂ ಬಿಡದೆ ಪೂರ್ತಿ ತೋರ್ಸಿದೀವಿ ಅಂತ ಇದರಲ್ಲಿ ಇದೆ. ಈ ಸಹಿ ನಿಮ್ದೇ ಅಲ್ವಾ?’

ನನ್ನದೇ. ಸಹಿಯ ಪಕ್ಕದಲ್ಲಿ ಕ್ರೀಮಿನ ಎಣ್ಣೆಯ ಕಲೆ ಕೂಡ ಇತ್ತು. ನೋಡದೆ ಹಾಕಿದೆ ಎಂದು ಹೇಳಿದೆ. ಹಾಗೆಂದು ಬರೆದುಕೊಡಲೂ ತಯಾರಿದ್ದೆ, ಬರೆದೂ ಕೊಟ್ಟೆ. ಅದನ್ನೂ ತೆಗೆದುಕೊಂಡು ಫೈಲಿಗೆ ಸೇರಿಸಿದರು. ಅಲ್ಲೇ ಓದಿ ಹೇಳಿದ ವರದಿಯಲ್ಲಿ ಆ ಮಾತು ಹಾಗೇ ಉಳಿಯಿತು. ‘ತರಬೇತಿ ವಿಡಿಯೋ ನೋಡಿದ್ದರೂ ಕಾರ್ಮಿಕನ ನಿರ್ಲಕ್ಷ್ಯ.’ ಜೀವಮಾನವಿಡೀ ಜನ ವಿಡಿಯೋವನ್ನು ನಂಬುವಂತೆ ಮಾಡುವುದೇ ನನ್ನ ಕೆಲಸವಾಗಿತ್ತು. ನಂಬಿದರು. ಇನ್ನು ಯಾರ ಮೇಲೆ ಸಿಟ್ಟು ಮಾಡಲಿ?

ಹೊರಗೆ ಬಂದ ಮೇಲೆ ‘ನನ್ನಿಂದ ಆಗಲಿಲ್ಲಪ್ಪ’ ಎಂದೆ. ಹನುಮಂತ ಗೇಟಿನ ಕಡೆ ನೋಡಿದ. ಏಳೆಂಟು ಜನ ಹೊಸಬರು ಹೆಗಲಿಗೆ ಚೀಲ ಹಾಕಿಕೊಂಡು ಒಳಗೆ ಹೋಗುತ್ತಿದ್ದರು.

‘ಇವರಿಗೂ ಅದ ವಿಡಿಯೋ ತೋರಸ್ತಾರೇನ್ರಿ ಅಕ್ಕಾರ?’

ತೋರಿಸುತ್ತಾರೆ. ಬೇಡವೆಂದು ಎರಡು ಪತ್ರ ಬರೆದಿದ್ದೇನೆ, ಉತ್ತರವಿಲ್ಲ. ಆ ತಾಣದಲ್ಲಿರುವ ನನ್ನ ಉತ್ತರವನ್ನಾದರೂ ಅಳಿಸೋಣವೆಂದು ಹೋದರೆ, ನನ್ನ ಖಾತೆ ಕಚೇರಿಯ ಇಮೇಲಿನಲ್ಲಿತ್ತು. ನಿವೃತ್ತಿಯ ದಿನವೇ ಅದನ್ನು ಮುಚ್ಚಿದ್ದಾರೆ. ನೀನು ನೀನೇ ಎಂದು ಸಾಬೀತು ಮಾಡು ಎನ್ನುತ್ತದೆ ತಾಣ. ಕನ್ನಡ ವಿಭಾಗ ನೋಡಿಕೊಳ್ಳುವವರು ಯಾರೂ ಉಳಿದಿಲ್ಲ. ಅಳಿಸಿದರೂ ಏನು ಪ್ರಯೋಜನ, ಈಗಿನ ಸಾಫ್ಟ್‌ವೇರುಗಳಲ್ಲಿ ಆ ಕೆಲಸಕ್ಕೆ ಒಂದು ಗುಂಡಿಯೇ ಇದೆ.

ಮರುದಿನ ಹನುಮಂತನ ರೂಮಿಗೆ ಮತ್ತೆ ಹೋದೆ. ನನ್ನ ಮೊಬೈಲನ್ನು ಕುರ್ಚಿಯ ಮೇಲೆ ಒರಗಿಸಿಟ್ಟೆ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮುನಿರಾಜು ಪಕ್ಕದಲ್ಲಿ ನಿಂತು, ಹೀಗೆ ನಿಧಾನವಾಗಿ, ಬಾಯಿಬಿಟ್ಟು ಎಂದು ತೋರಿಸಿದರು. ‘ಪ್ರೆಸ್ಸಿನ ಕೆಂಪು ಗುಂಡಿ ಒತ್ತಿದ ಮ್ಯಾಲ ಇಷ್ಟು ಹೊತ್ತು ನಿಲ್ಲಬೇಕ್ರಿ’ ಎಂದು ಹೇಳಿ ಹನುಮಂತ ಒಂದರಿಂದ ಇಪ್ಪತ್ತರವರೆಗೆ ಎಣಿಸಿದ. ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಮೌನ. ಇಪ್ಪತ್ತು ಎಂದ ಮೇಲೆ ಬಲಗೈ ಮುಂದೆ ತಂದು ತೋರಿಸಿದ. ಅಷ್ಟೇ ವಿಡಿಯೋ. ನಾನು ಅದರಲ್ಲಿ ಏನನ್ನೂ ಕತ್ತರಿಸಲಿಲ್ಲ, ಏನನ್ನೂ ಸೇರಿಸಲಿಲ್ಲ. ಹನುಮಂತ ತನಗೆ ಗೊತ್ತಿದ್ದ ಕೆಲಸಗಾರರಿಗೆಲ್ಲ ಕಳಿಸಿದ. ನಾನು ಹೊಸ ಖಾತೆ ತೆರೆದು ಎಡಿಟರುಗಳ ಆ ತಾಣದಲ್ಲಿ ಹಾಕಿದೆ. ತರಬೇತಿ ವಿಡಿಯೋ ಮಾಡುವವರು ಮೊದಲು ಇದನ್ನು ನೋಡಿ ಎಂದು ಬರೆದೆ.

ಪಟ್ಟಿ ಕೇಳಿದಿರಲ್ಲ, ನನ್ನ ಕಡೆಯಿಂದ ಇದೊಂದೇ. ನೋಡುವುದಾದರೆ ಇಪ್ಪತ್ತರವರೆಗೂ ನೋಡಿ.

ಇವತ್ತು ಬೆಳಿಗ್ಗೆ ಅದಕ್ಕೆ ಮೊದಲ ಪ್ರತಿಕ್ರಿಯೆ ಬಂದಿದೆ. ‘ಮೇಡಂ, ಕಾನ್ಸೆಪ್ಟ್ ಸಕ್ಕತ್ತಾಗಿದೆ. ಆದ್ರೆ ಮಧ್ಯೆ ಮಧ್ಯೆ ಗ್ಯಾಪ್ ಜಾಸ್ತಿ, ಬೋರ್ ಹೊಡೆಯುತ್ತೆ. ಕಟ್ ಮಾಡಿ ಹಾಕಿ. ಹೇಗೆ ಅಂತ ಇಲ್ಲಿದೆ ನೋಡಿ.’ ಬರೆದವರು ಕೆಳಗೆ ಒಂದು ಲಿಂಕು ಕೊಟ್ಟಿದ್ದರು. ಒತ್ತಿದೆ. ನಾನು ಬರೆದ ಉತ್ತರವೇ ತೆರೆದುಕೊಂಡಿತು.